ಬಟವಾಡೆ ಮನೆ ಮುಟ್ಟಲಿ
(ಬೆಳ್ಳಿಹಬ್ಬದಂದು ಆಡಿದ ಮಾತು)



2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೋಟೆಲ್ ಕೆಲಸಕ್ಕಿದ್ದ ನಮ್ಮ ಸದಸ್ಯರೊಬ್ಬರು ಕುಡಿತ ಹತ್ತಿಸಿಕೊಂಡೇ ಊರಿಗೆ ಬಂದರು. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಹಾಲಿನ ಬಟವಾಡೆ ಮನೆ ಮುಟ್ಟದೆ ಹೆಂಡತಿ ಮಕ್ಕಳನ್ನು ಕರಕೊಂಡು ತವರಿಗೆ ಹೋದರು. ಹಠಕ್ಕೆ ಬಿದ್ದು ಏಕಾಏಕಿ ಬಿಟ್ಟಾಗ ಕೈ ನಡುಗಿ ಫಿಟ್ಸ್ ಬಂತು. ನಿಮ್ಹಾನ್ಸ್‌ಗೆ ಕರೆದೊಯ್ದೆವು. ಇದು ಕಾಯಿಲೆ, ಡಾಕ್ಟರನ್ನು ಕೇಳಿಯೇ ಬಿಡಬೇಕು ಎಂದು ಅಲ್ಲಿ ತಿಳಿಯಿತು. ಎರಡು ಸಲ ಜಾರಿದರು, ಮೂರನೇ ಸಲ ನಿಂತರು.

ಹೆಂಡತಿ ವಾಪಸು ಬಂದಿದ್ದಾರೆ. "ನಂಬಿಕೆ ಇನ್ನೂ ಪೂರ್ತಿ ಬಂದಿಲ್ಲ ಅಣ್ಣಾ" ಅಂತಾರೆ. ಗಂಡನೇ ಬರೆದುಕೊಟ್ಟ ಮೇಲೆ ಬಟವಾಡೆ ಈಗ ಅವರ ಕೈಗೆ.

ಸಂಘದ ಚುನಾವಣೆಯಲ್ಲಿ ಬಾಟಲಿ ಹಂಚಿದವರೂ ನಾವೇ. ಇನ್ನು ಹಂಚುವುದಿಲ್ಲ.