ಬೇಟೆ ಬಿಟ್ಟವರ ಬೆನ್ನಿಗೆ: ಹಣ ಕೂಡಿಸುವ ನಾಲ್ಕು ಮಾತು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭದಿನ ನಮ್ಮ ಬಳಗಕ್ಕೂ ಹತ್ತು ನಿಮಿಷ ಕೊಟ್ಟಿದ್ದೀರಿ. ಊಟದ ಹೊತ್ತಾಗಿದೆ, ಅದು ನಮಗೂ ಗೊತ್ತು. ಬೇಗ ಮುಗಿಸುತ್ತೇವೆ.

ಬಳಗ ಅಂದರೆ ಭಾರಿ ಏನಲ್ಲ, ಹನ್ನೊಂದು ಜನ. ನಿವೃತ್ತ ಮೇಷ್ಟ್ರು ಇಬ್ಬರು, ಒಬ್ಬರು ಟೈಲರು, ಡೇರಿಯಲ್ಲಿ ಹಾಲು ಅಳೆಯುವವರೊಬ್ಬರು, ಅಂಗನವಾಡಿ ಕಾರ್ಯಕರ್ತೆ, ಉಳಿದವರು ನಿಮ್ಮಂತೆಯೇ ವ್ಯವಸಾಯದವರು. ಆಫೀಸಿಲ್ಲ, ಬೋರ್ಡಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಕೆರೆ ಏರಿಯ ಆಚೆಗಿನ ಹಕ್ಕಿಪಿಕ್ಕಿ ಕಾಲನಿಯ ಮೂವತ್ತೆಂಟು ಮನೆಗಳ ಜೊತೆ ಆರು ವರ್ಷದಿಂದ ಓಡಾಡಿಕೊಂಡಿದ್ದೇವೆ. ಅದಕ್ಕೆ ಬೇಕಾದ ದುಡ್ಡು ಹೇಗೆ ಕೂಡಿಸಿದೆವು, ಎಲ್ಲಿ ಕೈಸುಟ್ಟುಕೊಂಡೆವು, ಇನ್ನೇನು ಬೇಕು ಎಂಬುದಷ್ಟೇ ಈ ಹೊತ್ತಿನ ಮಾತು.

ಮೊದಲ ಪ್ರಶ್ನೆ ನಮಗೆ ಬೀಳುವುದು ಅರಳಿಕಟ್ಟೆಯಲ್ಲೇ. "ಬೇಟೆಗಾರರಿಗೆ ಯಾಕ್ರಪ್ಪಾ ದಾನ? ಬೇಕಾದ್ರೆ ನಮ್ಮ ಹೊಲಕ್ಕೆ ಬರೋ ಹಂದಿ ಹೊಡೀಲಿ, ನಾವೇ ಒಂದು ಮೂಟೆ ರಾಗಿ ಕೊಡ್ತೀವಿ." ತಮಾಷೆಗೆ ಹೇಳಿದ್ದೇ ಇರಬಹುದು, ಹಂದಿ ಕಾಟ ನಮಗೂ ಇದೆ. ಆದರೆ ಹೊಡೆದವನು ಜೈಲಿಗೆ ಹೋಗುತ್ತಾನೆ, ಹೊಡೆಸಿದವನು ಕಟ್ಟೆಯ ಮೇಲೆ ಬೀಡಿ ಸೇದುತ್ತಿರುತ್ತಾನೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಲೆ ಹಾಕಿ ಗೌಜಲು, ಬುರ್ಲಿ ಹಿಡಿಯುವುದೂ ಅಪರಾಧ. ಕಾಡು, ಪ್ರಾಣಿ, ಪಕ್ಷಿ ಉಳಿಯಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅಜ್ಜನ ಕಾಲದಿಂದ ಬಲೆ ಹೆಣೆಯುವುದೊಂದನ್ನೇ ಕಲಿತಿದ್ದವರಿಗೆ ಬಲೆ ಕೆಳಗಿಡಿ ಎಂದಾಯಿತೇ ಹೊರತು, ಕೈಗೆ ಏನು ತಗೊಳ್ಳಿ ಅಂತ ಯಾರೂ ಹೇಳಲಿಲ್ಲ. ಅಂಥವರಲ್ಲಿ ಬಹಳ ಮಂದಿ ಮಣಿಸರ, ಪಿನ್ನು, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ ಎಣ್ಣೆ ಹೊತ್ತು ಜಾತ್ರೆಯಿಂದ ಜಾತ್ರೆಗೆ ತಿರುಗುವುದು ಆಮೇಲೆ ಹಿಡಿದ ದಾರಿ. ಮನೆಯಲ್ಲಿ ಅವರು ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ ಮಾತು. ನಮ್ಮ ಜೊತೆ ಕನ್ನಡ, ಗಡಿಗೆ ಹೋದರೆ ತಮಿಳು, ತೆಲುಗು. ನಮ್ಮಲ್ಲಿ ಎಷ್ಟು ಜನಕ್ಕೆ ನಾಲ್ಕು ಭಾಷೆ ಬರುತ್ತದೆ ಹೇಳಿ ನೋಡೋಣ.

ನಮ್ಮ ಬಳಗದ ಮೊದಲ ತಪ್ಪನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇವೆ. ಕಾಲನಿಯ ಒಬ್ಬ ಗಂಡಸು ಹಸಿವಿನ ದಿನದಲ್ಲಿ ಹಳೇ ಬಲೆ ತೆಗೆದು ನಾಲ್ಕು ಬುರ್ಲಿ ಹಿಡಿದು ಸಿಕ್ಕಿಬಿದ್ದ. ಹೆಂಡತಿ ಅಳುತ್ತಾ ನಮ್ಮ ಹತ್ತಿರ ಬಂದಳು. ವಕೀಲರಿಗೆ ದುಡ್ಡು ಬೇಕಲ್ಲ ಎಂದು ನಾವು ಮನೆಮನೆ ತಿರುಗಲು ಹೊರಟೆವು, ನಾಲ್ಕು ದಿನಕ್ಕೆ ಏಳುನೂರು ರೂಪಾಯಿ ಆಯಿತು. ಅಷ್ಟರೊಳಗೆ ಅವಳು ಎಂಟು ಸಾವಿರ ಸಾಲ ತಂದಿದ್ದಳು, ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ. ಕೊಟ್ಟವರು ನಮ್ಮೂರವರೇ, ಹೆಸರು ಬೇಡ. ತಿಂಗಳಿಗೆ ಎಂಟುನೂರರಂತೆ ಹದಿನಾಲ್ಕು ತಿಂಗಳು ಕಟ್ಟಿದಳು. ಹನ್ನೊಂದು ಸಾವಿರದ ಇನ್ನೂರು ಬಡ್ಡಿಯೇ ಹೋಯಿತು, ಅಸಲು ಎಂಟು ಸಾವಿರ ಹಾಗೇ ನಿಂತಿತ್ತು. ಆಮೇಲೆ ನಮಗೆ ಗೊತ್ತಾದದ್ದು ಏನು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಹಕ್ಕಿಪಿಕ್ಕಿಗಳು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದಿದ್ದರೆ ಮುಗಿಯುತ್ತಿತ್ತು. ಇಬ್ಬರು ಮೇಷ್ಟ್ರು ಇದ್ದೂ ನಮಗೆ ತಿಳಿದಿರಲಿಲ್ಲ. ಹಾಗಾಗಿ ಈಗ ಹಣ ಕೇಳಲು ಹೊರಡುವ ಮುಂಚೆ, ಇದು ಸರ್ಕಾರದಿಂದ ಪುಕ್ಕಟೆ ಬರಬೇಕಾದ್ದೇ ಅಲ್ಲವೇ ಅಂತ ಒಂದು ಸಲ ವಿಚಾರಿಸುತ್ತೇವೆ. ಮಕ್ಕಳ ಹಾಸ್ಟೆಲಿನದೂ ಹೀಗೇ ಆಯಿತು. ಜಾತಿ ಪ್ರಮಾಣಪತ್ರ ಮಾಡಿಸಿಕೊಟ್ಟೆವು, ಅಲ್ಲಿಗೆ ಚಂದಾ ಎತ್ತುವ ಕೆಲಸ ತಪ್ಪಿತು.

ಇನ್ನು ಹಣ ಕೂಡಿಸಿದ ಕಥೆ. ಎಲ್ಲರ ತಲೆಗೂ ಮೊದಲು ಹೊಳೆಯುವುದು ನಾಟಕ. ನಮಗೂ ಹೊಳೆಯಿತು. ಕುರುಕ್ಷೇತ್ರ ಇಟ್ಟೆವು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ, ಪಾತ್ರಕ್ಕೆ ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು ರೇಟು, ವಿದುರನಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ತಾಲೀಮು ಕೊಟ್ಟರು. ಸೀನರಿ, ಲೈಟು, ಮೈಕು, ಪೆಂಡಾಲು, ಮೇಕಪ್ಪು, ರಾತ್ರಿ ಉಪ್ಪಿಟ್ಟು ಕಾಫಿ, ಎಲ್ಲ ಸೇರಿ ಖರ್ಚು ಒಂದು ಲಕ್ಷದ ಹನ್ನೆರಡು ಸಾವಿರ. ಜಮಾ ಒಂದು ಲಕ್ಷದ ಆರೂವರೆ ಸಾವಿರ. ಐದೂವರೆ ಸಾವಿರ ನಾವೇ ಕೈಯಿಂದ ಹಾಕಿ ದುರ್ಯೋಧನನ ತೊಡೆ ಮುರಿಸಿದಂತಾಯಿತು. ನಾಟಕ ಚೆನ್ನಾಗಿತ್ತು, ಅದರಲ್ಲಿ ಸಂಶಯವಿಲ್ಲ. ಧರ್ಮಕಾರ್ಯಕ್ಕೆ ಮಾತ್ರ ಪೈಸೆ ಉಳಿಯಲಿಲ್ಲ.

ಮರುವರ್ಷ ಶಾಲೆಯ ಜಗಲಿಯ ಮೇಲೆ ಒಂದೇ ಗಂಟೆಯ ಕಣ್ಣಪ್ಪನ ಆಟ ಆಡಿಸಿದೆವು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡ. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಅಣ್ಣಾವ್ರು ಮೊದಲ ಸಲ ನಾಯಕರಾಗಿ ಬಂದದ್ದು ಇದೇ ಪಾತ್ರದಲ್ಲಿ. ಬೇಡನನ್ನು ಪರದೆಯ ಮೇಲೆ ನೋಡಿ ಕೈಮುಗಿದವರು ನಾವು, ಕೆರೆ ಏರಿಯ ಮೇಲೆ ಎದುರಾದರೆ ಆಚೆ ಸರಿಯುವವರೂ ನಾವೇ. ಇರಲಿ. ಕಾಲನಿಯ ಏಳನೇ ತರಗತಿ ಹುಡುಗನೇ ಕಣ್ಣಪ್ಪ, ಉಳಿದವರು ಊರಿನ ಮಕ್ಕಳು. ಸೀನರಿ ಇಲ್ಲ, ಲೈಟಿಲ್ಲ. ಖರ್ಚು ಆರುನೂರು ರೂಪಾಯಿ. ಕೊನೆಗೆ ಹರಿವಾಣ ತಿರುಗಿಸಿದೆವು, ಒಂಬತ್ತು ಸಾವಿರದ ಮುನ್ನೂರ ನಲವತ್ತು ಬಿತ್ತು. ಆ ಹುಡುಗನನ್ನು ಊರವರು ವಾರಗಟ್ಟಲೆ ಕಣ್ಣಪ್ಪಾ ಅಂತಲೇ ಕರೆದರು. ಅದಕ್ಕೆ ಮುಂಚೆ ನಮ್ಮಲ್ಲಿ ಯಾರೂ ಅವನನ್ನು ಹೆಸರಿಡಿದು ಕರೆದಿರಲಿಲ್ಲ, 'ಲೇ ಹುಡುಗ' ಅಷ್ಟೇ.

ನಿಜವಾಗಿ ಕೈ ಹಿಡಿದದ್ದು ರಾಗಿ. ದುಡ್ಡು ಕೊಡಿ ಅಂದರೆ ಹೆಂಗಸರು ಗಂಡಸರ ಮುಖ ನೋಡುತ್ತಾರೆ, ಗಂಡಸರು ಆಕಾಶ ನೋಡುತ್ತಾರೆ. ಕಣದ ಹೊತ್ತಿನಲ್ಲಿ ಒಂದು ಮೊರ ರಾಗಿ ಕೇಳಿದರೆ ಇಲ್ಲ ಎನ್ನುವವರಿಲ್ಲ. ಮಠಗಳ ದಾಸೋಹ ಬೆಳೆದದ್ದು ಇಂಥ ಮುಷ್ಟಿಧಾನ್ಯದಿಂದಲೇ ಅಲ್ಲವೇ? ಆದರೆ ಕೇಳುವ ಹೊತ್ತು ತಪ್ಪಬಾರದು. ಸಂಕ್ರಾಂತಿಯ ಸುಮಾರಿಗೆ ಹೋಗಬೇಕು. ಆಷಾಢದಲ್ಲಿ ಹೋದರೆ ಅವರ ಮನೆಯ ವಾಡೆಯೇ ಬರಿದಾಗಿರುತ್ತದೆ, ಕೇಳಿದ್ದಕ್ಕೆ ನಮಗೇ ನಾಚಿಕೆ. ಕಳೆದ ಸುಗ್ಗಿಯಲ್ಲಿ ನಾಲ್ಕು ಕ್ವಿಂಟಾಲು ಮೇಲಾಯಿತು. ಅರ್ಧ ಸಂತೆಯಲ್ಲಿ ಮಾರಿದೆವು. ಇನ್ನರ್ಧ, ತಂದೆತಾಯಿ ಜಾತ್ರೆಗೆ ಹೋದಾಗ ಕಾಲನಿಯಲ್ಲೇ ಉಳಿಯುವ ಮುದುಕರು, ಶಾಲೆ ಮಕ್ಕಳು ಇದ್ದಾರಲ್ಲ, ಅವರ ಹಿಟ್ಟಿಗೆ. ಹಿಟ್ಟು ಮನೆಯಲ್ಲಿದ್ದರೆ ಮಗು ಶಾಲೆಯಲ್ಲಿರುತ್ತದೆ. ಇಲ್ಲದಿದ್ದರೆ ಮಣಿಸರದ ಗಂಟಿನ ಜೊತೆ ಅದೂ ಬಸ್ಸು ಹತ್ತುತ್ತದೆ.

ಎರಡನೆಯದು ಡೇರಿ. ಬಟವಾಡೆಗೆ ಐದೇ ರೂಪಾಯಿ, ಅದೂ ಬರವಣಿಗೆಯಲ್ಲಿ ಒಪ್ಪಿದವರದು ಮಾತ್ರ. ಅರವತ್ತು ಮನೆ ಒಪ್ಪಿದ್ದಾರೆ. ಹದಿನೈದು ದಿನಕ್ಕೊಮ್ಮೆ ಮುನ್ನೂರು, ತಿಂಗಳಿಗೆ ಆರುನೂರು. ಸಣ್ಣದು ಅನಿಸುತ್ತದೆ, ಆದರೆ ತಪ್ಪದೆ ಬರುವ ಹಣ ಇದೊಂದೇ. ಒಬ್ಬರು ಮಗಳ ನಾಮಕರಣದ ಮುಯ್ಯಿಯನ್ನೇ ತಂದು ಕೊಟ್ಟರು. ಹೀಗೆ ಮಾಡಿ ಅಂತ ನಾವು ಯಾರಿಗೂ ಹೇಳಲಾರೆವು, ಮಾಡಿದರೆ ಬೇಡ ಎನ್ನುವುದಿಲ್ಲ.

ಲಕ್ಕಿಡಿಪ್ ಮಾಡಿ, ಮಿಕ್ಸಿ ಇಡಿ, ಸ್ಕೂಟರ್ ಇಡಿ ಅಂತ ಹುಡುಗರು ಸಲಹೆ ಕೊಡುತ್ತಾರೆ. ಬೇಡಿ. ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತಿದೆ, ಹೆಸರು ಬದಲಿಸಿದರೆ ಬಣ್ಣ ಬದಲಾಗುವುದಿಲ್ಲ. ಚೀಟಿ ನಡೆಸುವುದೂ ಅಷ್ಟೇ, ಅದಕ್ಕೆ 1982ರ ಕಾಯ್ದೆಯಿದೆ, ನೋಂದಣಿ ಬೇಕು. ಬೇಟೆ ಬಿಡಿಸಲು ಹೊರಟವರು ನಾವೇ ಕಟಕಟೆ ಹತ್ತುವುದು ಚೆಂದವಲ್ಲ. ಪಟ್ಟಣದ ಕಂಪನಿಗಳ ಸಾಮಾಜಿಕ ನಿಧಿ ತನ್ನಿ ಎನ್ನುವವರೂ ಇದ್ದಾರೆ. ಅದಕ್ಕೆ ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು, ಆಡಿಟ್ ಬೇಕು. ನಮ್ಮದು ಬರೀ ಬಳಗ. ಏಳು ಜನ ಸೇರಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು, ಈ ವರ್ಷ ಮಾಡುತ್ತೇವೆ. ಅಲ್ಲಿಯವರೆಗೆ ನಮಗೆ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಹೇಳುವವರು ನಮ್ಮ ಬಳಗದವರೇ ಆಗಿದ್ದರೂ!

ಲೆಕ್ಕದ ವಿಷಯ. ಮೊದಲಿಗೆ ಕಾಲನಿಯ ಮಕ್ಕಳ ಫೋಟೋ ತೆಗೆದು ಪಾಂಪ್ಲೆಟ್ ಹೊಡೆಸಿದ್ದೆವು. ಅದನ್ನು ನೋಡಿ ಅಲ್ಲಿಯ ಒಬ್ಬ ಅಜ್ಜಿ, "ನಮ್ಮ ಮುಖ ತೋರಿಸಿ ಎಷ್ಟು ಬಂತು ಸ್ವಾಮಿ? ನಮಗೂ ಹೇಳ್ರಲ್ಲ" ಎಂದಳು. ಬಾಯಿ ಕಟ್ಟಿದ ಹಾಗಾಯಿತು. ಅವತ್ತಿಂದ ಫೋಟೋ ಬಂದ್. ಇಬ್ಬರ ಸಹಿಯಿಲ್ಲದೆ ಹಣ ತೆಗೆಯುವಂತಿಲ್ಲ, ರಸೀತಿಯಿಲ್ಲದೆ ಹತ್ತು ರೂಪಾಯಿಯನ್ನೂ ಮುಟ್ಟುವಂತಿಲ್ಲ. ತಿಂಗಳ ಜಮಾಖರ್ಚು ಸೀಮೆಸುಣ್ಣದಲ್ಲಿ ಎರಡು ಕಡೆ ಬರೆಯುತ್ತೇವೆ, ಒಂದು ಸಂಘದ ಗೋಡೆಯ ಕರಿಹಲಗೆಯ ಮೇಲೆ, ಇನ್ನೊಂದು ಕಾಲನಿಯಲ್ಲಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯಲ್ಲಿ ಇರುಳರೆಂಬ ಜನ ಇದ್ದಾರೆ. ಹಾವು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಿಡಿದು ಚರ್ಮಕ್ಕೆ ಮಾರುತ್ತಿದ್ದರು. 1972ರ ಕಾಯ್ದೆ ಬಂತು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು, ಅವರ ಕಸುಬು ಮುಳುಗಿತು. ಆಗ ಏನು ಮಾಡಿದರು? ಹಾವು ಪ್ರಪಂಚದಲ್ಲಿ ಹೆಸರಾದ ರೋಮುಲಸ್ ವಿಟೇಕರ್ ಅವರ ಬೆಂಬಲದಿಂದ 1978ರಲ್ಲಿ ಒಂದು ಸಹಕಾರ ಸಂಘ ಮಾಡಿಕೊಂಡರು, ನಮ್ಮ ಹಾಗೆಯೇ ಷೇರು ಹಾಕಿ. ಮಹಾಬಲಿಪುರದ ದಾರಿಯ ವಡನೆಮ್ಮೇಲಿಯಲ್ಲಿದೆ. ಸರ್ಕಾರದ ಅನುಮತಿಯಿದ್ದಷ್ಟೇ ಹಾವು ಹಿಡಿಯುತ್ತಾರೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮಣ್ಣಿನ ಗಡಿಗೆಯಲ್ಲಿ ಕೆಲವು ವಾರ ಇಟ್ಟು, ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ತಯಾರಾಗುತ್ತದೆ. ನಮ್ಮೂರಲ್ಲಿ ಹೊಲದಲ್ಲಿ ಹಾವು ಕಚ್ಚಿ ದೊಡ್ಡಾಸ್ಪತ್ರೆಗೆ ಹೋಗಿ ಬದುಕಿ ಬಂದವರು ಈ ಸಭೆಯಲ್ಲೂ ಇದ್ದೀರಿ. ನಿಮ್ಮ ಮೈಗೆ ಇಳಿದ ಔಷಧದ ಹಿಂದೆ ಇರುಳರ ಕೈಯಿರಬಹುದು. 2023ರಲ್ಲಿ ಆ ಸಮುದಾಯದ ಇಬ್ಬರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, ಪದ್ಮಶ್ರೀ ಬಂತು. ಹಾವು ಹಿಡಿಯುವ ವಿದ್ಯೆ ಅದೇ, ಬದಲಾದದ್ದು ಅದರ ಹಿಂದೆ ಒಂದು ಸಂಘ ನಿಂತದ್ದು.

ಅದೇ 2023ರ ಏಪ್ರಿಲಿನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಹತ್ತಿಕೊಂಡಾಗ ನಮ್ಮ ರಾಜ್ಯದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದರು, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದವರೂ ಇದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು. ಆಪರೇಷನ್ ಕಾವೇರಿ ಎಂದು ಸರ್ಕಾರ ಕರೆತಂದಿತು, ಜೀವ ಉಳಿಯಿತು. ಆದರೆ ಸಾಲ ಎತ್ತಿ ಮಾಲು ಕೊಂಡು ಹೋದವರ ಮಾಲು ಅಲ್ಲೇ ಹೋಯಿತು, ಸಾಲ ಊರಿನಲ್ಲೇ ಕಾದಿತ್ತು. ನಮ್ಮ ಕಾಲನಿಯವರು ಅಷ್ಟು ದೂರ ಹೋದವರಲ್ಲ. ಬಡ್ಡಿ ಮಾತ್ರ ಅದೇ ಜಾತಿಯದು.

ಅದಕ್ಕೇ ನಾವು ಈ ವರ್ಷ ಅಕ್ಕಿಗೆ, ಬಟ್ಟೆಗೆ ಕೇಳುತ್ತಿಲ್ಲ. ಷೇರಿಗೆ ಕೇಳುತ್ತಿದ್ದೇವೆ. ನಮ್ಮ ಸಂಘದ ಬೈಲಾದಲ್ಲಿ, ಕಾರ್ಯವ್ಯಾಪ್ತಿಯಲ್ಲಿ ವಾಸಿಸುವ ಹದಿನೆಂಟು ತುಂಬಿದವರು ಸದಸ್ಯರಾಗಬಹುದು ಎಂದೇ ಇದೆ, ಕಾರ್ಯದರ್ಶಿಗಳು ಓದಿ ತೋರಿಸಿದ್ದಾರೆ. ಪಹಣಿ ಬೇಕಾದ್ದು ಬೆಳೆಸಾಲಕ್ಕೆ, ಸದಸ್ಯತ್ವಕ್ಕಲ್ಲ. ಇಪ್ಪತ್ತೈದು ವರ್ಷ ಈ ಸಾಲು ಬೈಲಾದಲ್ಲಿ ಮಲಗಿತ್ತು, ಎಬ್ಬಿಸಿದವರಿಲ್ಲ. ಮನೆಗೊಬ್ಬರಂತೆ ಮೂವತ್ತೆಂಟು ಜನ. ಷೇರು ಸಾವಿರ, ಪ್ರವೇಶ ಶುಲ್ಕ ನೂರು, ಒಟ್ಟು ನಲವತ್ತೊಂದು ಸಾವಿರದ ಎಂಟುನೂರು. ಅರ್ಧ ನಾವೇ ಹಾಕ್ತೀವಿ ಎಂದು ಕಾಲನಿಯವರು ಹೇಳಿದ್ದಾರೆ, ಹೇಳಿದಂತೆ ಹಾಕಿಯೂ ಇದ್ದಾರೆ. ಉಳಿದ ಇಪ್ಪತ್ತು ಸಾವಿರದ ಒಂಬೈನೂರಲ್ಲಿ ರಾಗಿ, ಡೇರಿ, ಕಣ್ಣಪ್ಪ ಎಲ್ಲ ಸೇರಿ ಹನ್ನೆರಡು ಸಾವಿರದ ನಾನೂರು ನಮ್ಮ ಹತ್ತಿರ ಇದೆ. ಕೊರತೆ ಎಂಟೂವರೆ ಸಾವಿರ.

ಕೆಲವು ನಿರ್ದೇಶಕರಿಗೆ ಅನುಮಾನ ಇದೆ. ತಿಂಗಳುಗಟ್ಟಲೆ ಊರಲ್ಲೇ ಇರದವರು ಸಾಲ ತೀರಿಸ್ತಾರಾ ಅಂತ. ಸಂಘದ ದುಡ್ಡು ಕಾಯುವವರು ಕೇಳಬೇಕಾದ ಪ್ರಶ್ನೆಯೇ. ಆ ಬುರ್ಲಿ ಹಿಡಿದವನ ಹೆಂಡತಿಯ ಲೆಕ್ಕ ಮತ್ತೊಮ್ಮೆ ನೋಡಿ. ನೂರಕ್ಕೆ ಹತ್ತರ ಬಡ್ಡಿಯನ್ನು ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ತಪ್ಪಿಸಲಿಲ್ಲ. ಎರಡು ಸಲ ಜಾತ್ರೆಯ ಮೈದಾನದಿಂದಲೇ ಫೋನಿನಲ್ಲಿ ಕಳಿಸಿದ್ದಾಳೆ. ಕಾಲನಿಯ ಷೇರಿನ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಗಂಡ ಈಗ ಮಣಿ ಪೋಣಿಸುತ್ತಾನೆ. ಬಲೆಯನ್ನು ನಮ್ಮ ಟೈಲರ ಅಂಗಡಿಯಲ್ಲಿ ತಂದಿಟ್ಟು ಹೋಗಿದ್ದಾನೆ, ವಾಪಸು ಕೇಳಿಲ್ಲ.

ಊಟದ ಪೆಂಡಾಲಿನ ಬಲಗಡೆ, ನೀರಿನ ಡ್ರಮ್ಮಿನ ಪಕ್ಕ ಒಂದು ಮೇಜು ಹಾಕಿದ್ದೇವೆ. ರಸೀತಿ ಪುಸ್ತಕ ಅಲ್ಲಿದೆ. ಕಾಲನಿಯ ಇಬ್ಬರು, ನಮ್ಮ ಬಳಗದ ಇಬ್ಬರು ಕುಳಿತಿರುತ್ತಾರೆ. ಹತ್ತು ರೂಪಾಯಿಗೂ ರಸೀತಿ ಕೊಡುತ್ತಾರೆ. ಸಂಜೆ ಐದಕ್ಕೆ ಎಣಿಸಿ ಕರಿಹಲಗೆಯ ಮೇಲೆ ಬರೆಯುತ್ತೇವೆ, ನಿಂತು ನೋಡಿ ಹೋಗಿ.