ಬೀಜಕ್ಕಿರುವ ಎಚ್ಚರ ಬರಹಕ್ಕೂ ಇರಲಿ



ಬಿತ್ತನೆ ಬೀಜವನ್ನೆಲ್ಲ ಒಂದೇ ಕಡೆ ಇಟ್ಟು ನಿಶ್ಚಿಂತರಾಗಿರುವವರು ಮಲೆನಾಡಿನಲ್ಲಿ ವಿರಳ. ಮುಗ್ಗಲು, ಇಲಿ, ಮಳೆ ಎಲ್ಲರಿಗೂ ಗೊತ್ತು. ದೊಡ್ಡ ಬೀಜ ಭಂಡಾರಗಳ ನಡೆಯೂ ಇದೇ. ಸಿರಿಯಾದ ಅಲೆಪ್ಪೊ ಸಮೀಪದ ಇಕಾರ್ಡಾ ಸಂಸ್ಥೆಯ ಭಂಡಾರವು ಯುದ್ಧದಿಂದಾಗಿ ಕೈತಪ್ಪಿದಾಗ, ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ಮೊದಲೇ ಇರಿಸಿದ್ದ ಜೋಡಿ ಸಂಗ್ರಹವೇ ಆಸರೆಯಾಯಿತು. 2015ರಲ್ಲಿ ಆ ಬೀಜಗಳನ್ನು ಹೊರತೆಗೆದು ಲೆಬನಾನ್ ಮತ್ತು ಮೊರಾಕ್ಕೊಗಳಲ್ಲಿ ಬೆಳೆಯಲಾಯಿತು; 2017ರಲ್ಲಿ ಹೊಸ ಬೀಜ ಮತ್ತೆ ಸ್ವಾಲ್‌ಬಾರ್ಡ್ ಸೇರಿತು.

ಆದರೆ ತಳಿಯ ಹೆಸರು, ಬಿತ್ತಿದ ದಿನ, ಮಳೆಯ ಲೆಕ್ಕ, ಗಿಡಮೂಲಿಕೆಯ ಚಿತ್ರ ಇವನ್ನೆಲ್ಲ ಬರೆದಿಟ್ಟ ವಿಕಿಯ ವಿಷಯದಲ್ಲಿ ಈ ಎಚ್ಚರ ಕಾಣಿಸದು. ವಿಕಿ ಎಂದರೆ ಪುಟಪುಟಗಳನ್ನು ಕೊಂಡಿಗಳಿಂದ ಹೆಣೆದ, ಬೇಕಾದಾಗ ತಿದ್ದಬಹುದಾದ ಟಿಪ್ಪಣಿ ಪುಸ್ತಕ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಇದರ ಮೊದಲ ರೂಪವನ್ನು ಅಂತರಜಾಲಕ್ಕೆ ತಂದರು. ಬರೆಯುವವರು ನಾವಾದರೂ, ಪುಸ್ತಕವಿರುವುದು ಎಲ್ಲೋ ದೂರದ ಸರ್ವರಿನಲ್ಲಿ.

ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅಚ್ಚುಮೆಚ್ಚಾಗಿದ್ದ ವಿಕಿಸ್ಪೇಸಸ್ ತನ್ನ ಬಾಗಿಲು ಮುಚ್ಚುವುದಾಗಿ 2018ರಲ್ಲಿ ಘೋಷಿಸಿತು. ಮುನ್ಸೂಚನೆ ಇದ್ದುದರಿಂದ ಪ್ರತಿ ಇಳಿಸಿಕೊಂಡವರ ಬರಹ ಉಳಿಯಿತು. ಬೆಂಕಿ ಮುನ್ಸೂಚನೆ ಕೊಡುವುದಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್‌ನಲ್ಲಿ ಸರ್ವರುಗಳ ಕಟ್ಟಡವೊಂದು ಉರಿದುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು. ಜೋಡಿ ಪ್ರತಿ ಎಂದರೆ ಬೇರೆ ಸ್ಥಳದ ಪ್ರತಿ.

ಈ ದೃಷ್ಟಿಯಿಂದ ಜೆರೆಮಿ ರಸ್ಟನ್ 2004ರಲ್ಲಿ ರೂಪಿಸಿದ ಟಿಡ್ಲಿವಿಕಿ ಹಳ್ಳಿಗಳಿಗೆ ಬಹಳ ಒಗ್ಗುತ್ತದೆ. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲು. ಅಂತರಜಾಲವಿಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ಮೀಡಿಯಾವಿಕಿಯಂಥವುಗಳಲ್ಲಿ ಪುಟಗಳನ್ನು 'ರಫ್ತು' ಮಾಡಿಕೊಳ್ಳಬೇಕು. ಹಾಗೆ ರಫ್ತಾಗುವುದು ಬರಹ ಮಾತ್ರ, ಚಿತ್ರಗಳನ್ನು ಪ್ರತ್ಯೇಕವಾಗಿ ಇಳಿಸಬೇಕೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಕನ್ನಡದ ಬರಹ ಯೂನಿಕೋಡಿನಲ್ಲಿರುವುದು ಲೇಸು. ಹಳೆಯ ನುಡಿ ಫಾಂಟಿನ ಎನ್‌ಕೋಡಿಂಗಿನಲ್ಲಿದ್ದರೆ, ಆ ಫಾಂಟಿಲ್ಲದ ಯಂತ್ರದಲ್ಲಿ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಫೈಲಿನ ಹೆಸರಿನಲ್ಲಿಯೇ ದಿನಾಂಕವಿರಲಿ. ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯಬಾರದು. ಕಂಪ್ಯೂಟರ್ ಮತ್ತು ಸರ್ವರ್ ತಾವಾಗಿಯೇ ಸರಿದೂಗಿಸಿಕೊಳ್ಳುವ ಸಿಂಕ್ ವ್ಯವಸ್ಥೆಯನ್ನಷ್ಟೇ ನಂಬಿ ಕೂರುವುದೂ ಸಲ್ಲದು: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್ ಡ್ರೈವಿನಲ್ಲಿ, ಅದೂ ಪಕ್ಕದ ಊರಿನ ನಂಬಿಗಸ್ತರ ಮನೆಯಲ್ಲಿರಲಿ. ಸಿಡಿಲು ಬಡಿದರೆ ಕಂಪ್ಯೂಟರ್ ಮತ್ತು ಅದಕ್ಕೆ ಚುಚ್ಚಿಟ್ಟ ಡ್ರೈವ್ ಒಟ್ಟಿಗೇ ಸುಡಬಹುದು.

ಪ್ರತಿ ತೆಗೆದ ದಿನವೇ ಅಂತರಜಾಲ ಸಂಪರ್ಕ ಕಡಿದು, ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಬೇಕು. ಚಿತ್ರದ ಜಾಗದಲ್ಲಿ ಖಾಲಿ ಚೌಕ ಕಂಡರೆ, ಚಿತ್ರ ಇನ್ನೂ ದೂರದ ಸರ್ವರಿನಲ್ಲಿಯೇ ಇದೆ.