ಪುಣ್ಯಕೋಟಿಗೆ ಸುರಿಸಿದ ಕಣ್ಣೀರು

(ಗುಂಡ್ಲುಪೇಟೆಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲದವರಿಗಾಗಿ ನಾವೇಕೆ ಅಳುತ್ತೇವೆ? ಇದು ಇಂದಿನ ವಿಷಯ. ದೂರದ ಉದಾಹರಣೆ ಬೇಡ, ಗೋವಿನ ಹಾಡನ್ನೇ ತೆಗೆದುಕೊಳ್ಳೋಣ. ಪುಣ್ಯಕೋಟಿ ಎಂಬ ಹಸು, ಅರ್ಭುತ ಎಂಬ ಹುಲಿ ಕವಿಯ ಕಲ್ಪನೆ ಎಂದು ನಮಗೆಲ್ಲ ಗೊತ್ತು. ಆದರೂ ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿನಂತೆ ಹಸು ಹುಲಿಯ ಬಳಿಗೆ ಹೊರಟಾಗ ಮಕ್ಕಳ ಕಣ್ಣು ತುಂಬುತ್ತದೆ. ಹೇಳಿಕೊಡುವ ಮೇಷ್ಟ್ರ ಗಂಟಲೂ ಕಟ್ಟುತ್ತದೆ. ಕೊನೆಗೆ ಹುಲಿ ನಾಚಿ ಪ್ರಾಣ ಬಿಟ್ಟಾಗ ಅದಕ್ಕಾಗಿಯೂ ಮರುಗುತ್ತೇವೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಕಾಲಿನ್ ರಾಡ್‌ಫರ್ಡ್ 1975ರಲ್ಲಿ ಇದೇ ಪ್ರಶ್ನೆ ಎತ್ತಿದರು. ಟಾಲ್‌ಸ್ಟಾಯ್ ಅವರ ಅನ್ನಾ ಕರೆನಿನಾ ಬದುಕಿದ್ದವಳೇ ಅಲ್ಲ ಎಂದು ತಿಳಿದೂ ಮರುಗುವುದು ಸಹಜವೇನೋ ಹೌದು, ಆದರೆ ತರ್ಕಕ್ಕೆ ಹೊಂದುವುದಿಲ್ಲ ಎಂದರು. ಕಾಶ್ಮೀರದ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಬೇರೆ ಉತ್ತರ ಕೊಟ್ಟಿದ್ದ. ನಾಟಕ ನೋಡುವಾಗ ದುಃಖವು ನನ್ನದು, ನಿನ್ನದು ಎಂಬ ಗಡಿ ಕಳೆದುಕೊಂಡು ಎಲ್ಲರದಾಗುತ್ತದೆ. ಇದನ್ನು ಸಾಧಾರಣೀಕರಣ ಎನ್ನುತ್ತಾರೆ.

ನಾನು ಎಂಜಿನಿಯರ್. ನನಗೆ ಇದು ಹೀಗೆ ಅರ್ಥವಾಗುತ್ತದೆ. ಅಣೆಕಟ್ಟು ಕಟ್ಟುವ ಮೊದಲು ಅದರ ಕೋಡಿಯ ಚಿಕ್ಕ ಮಾದರಿ ಮಾಡಿ, ನೀರು ಹರಿಸಿ ಪರೀಕ್ಷಿಸುತ್ತಾರೆ. ಕೃಷ್ಣರಾಜಸಾಗರದಲ್ಲಿರುವ ಸರ್ಕಾರದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಇಂಥ ಕೆಲಸ ನಡೆಯುತ್ತದೆ. ಅಲ್ಲಿ ಅಣೆಕಟ್ಟು ಮಾದರಿ, ನೀರು ಮಾತ್ರ ನಿಜ. ಕಥೆಯೂ ಹಾಗೆಯೇ. ಹಸು ಕಲ್ಪನೆ, ಮರುಕ ನಿಜ. ಕೊಟ್ಟ ಮಾತು ಪ್ರಾಣಕ್ಕೇ ಬಂದರೆ ಮನಸ್ಸು ಎಷ್ಟು ತಡೆದೀತು ಎಂದು ಅಪಾಯವಿಲ್ಲದೆ ನೋಡಿಕೊಳ್ಳುತ್ತೇವೆ. ಹಾಗಾಗಿ ಕಥೆಗೆ ಅಳುವುದು ದಡ್ಡತನವಲ್ಲ. ಆದರೆ ಮಾದರಿಯಲ್ಲಿ ಹರಿದ ನೀರಿನಿಂದ ಒಂದು ಗುಂಟೆ ಗದ್ದೆಯೂ ನೆನೆಯುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರ ತಮ್ಮ ಗ್ರಂಥದಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ರಷ್ಯಾದ ಹೆಂಗಸೊಬ್ಬಳು ನಾಟಕದ ಪಾತ್ರಗಳಿಗಾಗಿ ಅಳುತ್ತಾ ಕುಳಿತಿದ್ದಾಳೆ. ಹೊರಗೆ ಅವಳ ಗಾಡಿಯವನು ಚಳಿಯಲ್ಲಿ ಹೆಪ್ಪುಗಟ್ಟಿ ಸಾಯುತ್ತಿದ್ದಾನೆ. ಜೇಮ್ಸ್ ಹೇಳುವ ಮದ್ದು ಸುಲಭ: ಮರುಕ ಹುಟ್ಟಿದರೆ ಅದನ್ನು ಕೂಡಲೇ ಒಂದು ಕೆಲಸವಾಗಿಸಿ, ಎಷ್ಟೇ ಚಿಕ್ಕದಾಗಲಿ.

ನಮ್ಮ ಸೀಮೆಯ ಗಾಡಿಯವನು ಯಾರು? ಹಾಡಿನಲ್ಲಿರುವ ಗೊಲ್ಲ ಕಾಳಿಂಗನನ್ನು ನೆನಪಿಸಿಕೊಳ್ಳಿ. ಹಸುವಿಗೆ ಅಳುತ್ತೇವೆ, ಹುಲಿಗೂ ಅಳುತ್ತೇವೆ. ಕಾಳಿಂಗನಿಗಾಗಿ ಅತ್ತವರನ್ನು ನಾನು ಕಂಡಿಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅದರ ಅಂಚಿನಲ್ಲಿ ದನ ಕಾಯುವವರೆಲ್ಲ ಕಾಳಿಂಗರೇ. ಹಸು ಹೋದರೆ ಡೈರಿಗೆ ಹಾಕುವ ಹಾಲು ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ಹಾಡಿನ ಹುಲಿಯ ಮೇಲಿನ ಮೋಹ ನಮ್ಮನ್ನು ಇನ್ನೊಂದು ಕಡೆಗೂ ಎಳೆಯುತ್ತದೆ. ಅರ್ಭುತನಿಗೆ ಪಶ್ಚಾತ್ತಾಪವಿತ್ತು. ಕಾಡಿನ ಹುಲಿಗೆ ಹಸಿವು ಮಾತ್ರ ಗೊತ್ತು, ಸತ್ಯ ಸುಳ್ಳು ಗೊತ್ತಿಲ್ಲ. ಅದು ನಾಚಲಿಲ್ಲ ಎಂದು ಅದನ್ನು ದುಷ್ಟ ಎನ್ನುವುದು ನ್ಯಾಯವಲ್ಲ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತುಬಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ಇಟ್ಟ ಬೋನಿನೊಳಗೆ ರೈತರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಗೋವಿನ ಹಾಡು ಕಲಿಯದವರು ಇಲ್ಲಿ ಯಾರಿದ್ದಾರೆ? ಹಾಡಿಗೆ ಕರಗುವ ನಾವು, ಹಸು ಕಳೆದುಕೊಂಡವನ ಮನೆಗೆ ಆ ದಿನ ಹೋಗಿ ಕೂತಿದ್ದರೆ ಅವನ ಸಿಟ್ಟು ವಿಷದವರೆಗೆ ಹೋಗುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಬಸವಣ್ಣನವರು ಕೇಳಿದ ದಯೆ ಸಕಲ ಜೀವಿಗಳಿಗೂ ಸಲ್ಲುವಂಥದ್ದು. ಶರಣರಲ್ಲಿ ಭಾವ ಎದೆಯಲ್ಲೇ ನಿಂತು ಹೋಗಲಿಲ್ಲ, ಕಾಯಕವಾಯಿತು, ದಾಸೋಹವಾಯಿತು. ಆದ್ದರಿಂದ ಈ ಗೋಷ್ಠಿಗೆ ನನ್ನ ವಿನಂತಿ ಇಷ್ಟೇ. ಯಾರದೇ ಹಸು ಹುಲಿಗೆ ಬಲಿಯಾದ ಸುದ್ದಿ ಬಂದ ದಿನ ನಮ್ಮಲ್ಲಿ ಇಬ್ಬರು ಆ ಮನೆಗೆ ಹೋಗೋಣ. ಅವರ ಕುಲ ಕೇಳುವುದು ಬೇಡ. ಅರಣ್ಯ ಇಲಾಖೆಗೆ ಕೂಡಲೇ ತಿಳಿಸೋಣ, ಪಶುವೈದ್ಯರನ್ನು ಕರೆಸೋಣ, ಫೋಟೊ ತೆಗೆದಿಡೋಣ, ಪರಿಹಾರದ ಅರ್ಜಿ ಬರೆದುಕೊಡೋಣ. ಹಣ ಕೈಸೇರುವವರೆಗೆ ಆ ಮನೆಯ ಮಕ್ಕಳಿಗೆ ನಮ್ಮ ಕೊಟ್ಟಿಗೆಯಿಂದ ಹಾಲು ಹೋಗಲಿ.

ಮಕ್ಕಳಿಗೆ ಗೋವಿನ ಹಾಡು ಕಲಿಸಿ, ಅವರು ಅಳಲಿ. ಮರುದಿನ ಅವರ ಕೈಗೆ ಹಾಲಿನ ಚೊಂಬು ಕೊಟ್ಟು ಕಾಳಿಂಗನ ಮನೆಗೆ ಕಳಿಸಿ.